ಬಬ್ರಿ ಪಟ್ಟೆಯ ಅಂಗಿ: ಮೈಸೂರಿನ ಒಬ್ಬ ರಾಕೆಟ್ ಸೈನಿಕನನ್ನು ಕಟ್ಟಿದ ಕಥೆ

ಐದೂವರೆ ಸೆಂಟಿಮೀಟರ್ ಎತ್ತರದ ಒಬ್ಬ ಸೈನಿಕ. ಟಿಪ್ಪು ಸುಲ್ತಾನನ ರಾಕೆಟ್ ಪಡೆಯವನು. ಕೈಯಲ್ಲಿ ಬಿದಿರಿನ ಕೋಲು, ಕೋಲಿಗೆ ಕಟ್ಟಿದ ಕಬ್ಬಿಣದ ರಾಕೆಟ್, ಮೈಮೇಲೆ ಹುಲಿಪಟ್ಟೆಯ ಅಂಗಿ. ಇವನನ್ನು ಮಾಡಿ ಮುಗಿಸಲು ನನಗೆ ಏಳು ವಾರ ಬೇಕಾಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಮಯ ಅಂಗಿಯೊಂದಕ್ಕೇ ಹೋಯಿತು. ಹಾಗಾಗಿ ಇಲ್ಲೂ ಅಂಗಿಯ ಮಾತೇ ಜಾಸ್ತಿ ಇರುತ್ತದೆ.

ನಾನು ಹತ್ತು ವರ್ಷದಿಂದ ಇಂಥ ಪುಟ್ಟ ಸೈನಿಕರನ್ನು ಜೋಡಿಸಿ ಬಣ್ಣ ಹಚ್ಚುತ್ತಿದ್ದೇನೆ. ನೆಪೋಲಿಯನ್ ಕಾಲದ ಫ್ರೆಂಚರು, ಕೆಂಪು ಕೋಟಿನ ಇಂಗ್ಲಿಷರು, ರೋಮನ್ನರು. ಅಂಗಡಿಯ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಸಿಗುವುದೇ ಅವರು. ಆದರೆ ನಾನಿರುವುದು ಮೈಸೂರಿನಲ್ಲಿ. ಶ್ರೀರಂಗಪಟ್ಟಣ ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ. ವಾಟರ್ಲೂ ಯುದ್ಧದ ಸೈನಿಕನ ಕೋಟಿಗೆ ಗುಂಡಿ ಎಷ್ಟು ಎಂದು ಗೊತ್ತಿರುವ ನನಗೆ, ಪಕ್ಕದ ಊರಿನ ಕೋಟೆ ಕಾದವರು ಏನು ಉಡುತ್ತಿದ್ದರು ಎಂದು ಸರಿಯಾಗಿ ಗೊತ್ತಿರಲಿಲ್ಲ. ಅದು ಬಹಳ ದಿನ ಮನಸ್ಸನ್ನು ಕೊರೆಯುತ್ತಿತ್ತು.

ಪೆಟ್ಟಿಗೆ ಸಿಗದಿದ್ದರೆ ಇನ್ನೊಬ್ಬನನ್ನು ಬದಲಾಯಿಸಬೇಕು. ಹಳೆಯ ಸಾಮಾನಿನಲ್ಲಿ 54 ಮಿ.ಮೀ. ಎತ್ತರದ ಒಬ್ಬ ಇಂಗ್ಲಿಷ್ ಕಾಲಾಳು ಇದ್ದ. ಗಟ್ಟಿ ಪ್ಲಾಸ್ಟಿಕ್, ನೇರವಾಗಿ ನಿಂತ ಭಂಗಿ, ಬಲಗೈ ಮುಂದಕ್ಕೆ. 54 ಮಿ.ಮೀ. ಅಂದರೆ ಸ್ಕೇಲ್ ಸುಮಾರು 1:32. ನಿಜದ ಅಳತೆಯನ್ನು 32ರಿಂದ ಭಾಗಿಸಿದರೆ ಗೊಂಬೆಯ ಅಳತೆ ಸಿಗುತ್ತದೆ. ಈ ಒಂದು ಲೆಕ್ಕವನ್ನು ಕೊನೆಯವರೆಗೂ ಬಿಡಬಾರದು. ಕಣ್ಣಳತೆ ನಂಬಿದರೆ ಬೆಲ್ಟು ದಪ್ಪವಾಗುತ್ತದೆ, ಕೋಲು ಕಂಬವಾಗುತ್ತದೆ.

ಮೊದಲು ಕತ್ತರಿಸುವ ಕೆಲಸ. ತಲೆಯ ಮೇಲಿದ್ದ ಉದ್ದನೆ ಟೋಪಿಯನ್ನು ಹುಬ್ಬಿನ ಮಟ್ಟಕ್ಕೆ ಗರಗಸದಲ್ಲಿ ಕೊಯ್ದೆ. ಬೆನ್ನ ಮೇಲಿನ ಚೀಲ, ಎದೆ ಮೇಲಿನ ಅಡ್ಡಪಟ್ಟಿ, ಕೋಟಿನ ಬಾಲ ಎಲ್ಲವನ್ನೂ ಚಾಕುವಿನಿಂದ ಕೆತ್ತಿ ತೆಗೆದೆ. ಆಮೇಲೆ ಅರ, ಆಮೇಲೆ 400 ನಂಬರಿನ ಉಪ್ಪುಕಾಗದ. ಪ್ಯಾಂಟಿನ ಕಾಲುಗಳನ್ನು ಬರಿಗಾಲು ಮಾಡುವುದು ಕಷ್ಟ. ಬಟ್ಟೆ ತೊಟ್ಟ ಕಾಲು ಕೊಳವೆಯಂತೆ ಇರುತ್ತದೆ. ಬರಿಗಾಲಿಗೆ ಮೀನಖಂಡ ಇದೆ, ಮಂಡಿ ಚಿಪ್ಪು ಇದೆ, ಹಿಮ್ಮಡಿಯ ಮೇಲೆ ಸಣ್ಣಗಾಗುವ ಜಾಗ ಇದೆ. ಕನ್ನಡಿ ಮುಂದೆ ಪಂಚೆ ಮೇಲೆತ್ತಿ ಕಟ್ಟಿಕೊಂಡು ನನ್ನ ಕಾಲನ್ನೇ ನೋಡುತ್ತಾ ಕೆತ್ತಿದೆ. ಪ್ಲಾಸ್ಟಿಕ್ ಕಡಿಮೆ ಬಿದ್ದ ಕಡೆ ಎಂ-ಸೀಲ್ ತುಂಬಿದೆ.

ಎಂ-ಸೀಲ್ ಬಗ್ಗೆ ಒಂದು ಮಾತು. ಹೊರದೇಶದ ಹವ್ಯಾಸಿಗಳು ಬಳಸುವ ಪುಟ್ಟಿ ಇಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಕೊಳಾಯಿ ರಿಪೇರಿಗೆ ತರುವ ಎಂ-ಸೀಲ್ ಸಾಕು. ಎರಡೂ ಉಂಡೆಗಳನ್ನು ಸಮ ಸಮ ತೆಗೆದುಕೊಂಡು, ಬಣ್ಣ ಒಂದೇ ಆಗುವ ತನಕ ನಾದಬೇಕು. ಬೆರಳು ಮತ್ತು ಸೂಜಿ ಎರಡನ್ನೂ ಆಗಾಗ ನೀರಿಗೆ ಅದ್ದಬೇಕು. ಇಲ್ಲದಿದ್ದರೆ ಗೊಂಬೆಯನ್ನು ಬಿಟ್ಟು ಕೈಗೇ ಅಂಟುತ್ತದೆ. ಕೆಲಸಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಹಾಗಾಗಿ ಒಂದು ಸಲಕ್ಕೆ ಕಡಲೆಕಾಳಿನಷ್ಟು ಮಾತ್ರ ಕಲಸುತ್ತೇನೆ. ಮುಂಡಾಸನ್ನು ಒಂದೇ ಉಂಡೆಯಲ್ಲಿ ಮಾಡಿ ಮೇಲೆ ಗೆರೆ ಎಳೆದರೆ ಈರುಳ್ಳಿಯಂತೆ ಕಾಣುತ್ತದೆ. ಸಣ್ಣ ಹಾವಿನಂತೆ ಹೊಸೆದು, ಚಪ್ಪಟೆ ಮಾಡಿ, ನಿಜವಾದ ಬಟ್ಟೆ ಸುತ್ತುವ ಹಾಗೇ ತಲೆಗೆ ಸುತ್ತಬೇಕು. ಮೂರು ಸುತ್ತು, ನಾಲ್ಕನೆಯದು ಓರೆಯಾಗಿ. ಸೊಂಟದ ನಡುಪಟ್ಟಿಯನ್ನೂ ಹೀಗೆಯೇ ಮಾಡಿದೆ. ಚಪ್ಪಲಿಯ ಪಟ್ಟಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕಾಯಿತು.

ಈಗ ರಾಕೆಟ್. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ ಇದು.

ಮೈಸೂರು ರಾಕೆಟ್ಟಿನ ವಿಶೇಷ ಅದರ ಕಬ್ಬಿಣದ ಕೊಳವೆ. ಕಾಗದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣ ಒಳಗಿನ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಮದ್ದು ಜಾಸ್ತಿ ಬಲದಿಂದ ಉರಿದು ರಾಕೆಟ್ ದೂರ ಹೋಗುತ್ತಿತ್ತು. ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದ ಮೇಲೆ ಇಂಥ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ ಬೆಳೆಸಿದ್ದಕ್ಕೆ ಇವೇ ಪ್ರೇರಣೆ. ನಮ್ಮಲ್ಲೇ, ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಒಂದು ಹಳೆಯ ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಅವು ಈಗ ಶಿವಮೊಗ್ಗದ ಮ್ಯೂಸಿಯಂ ಸೇರಿವೆ. ಅವುಗಳ ಫೋಟೋ ನೋಡಿದ ದಿನವೇ ನಾನು ಈ ಸೈನಿಕನನ್ನು ಮಾಡಬೇಕು ಎಂದುಕೊಂಡಿದ್ದು.

ಅಳತೆಗೆ ಬರೋಣ. ಎಲ್ಲ ರಾಕೆಟ್ಟುಗಳೂ ಒಂದೇ ಗಾತ್ರದವಲ್ಲ. ಸುಮಾರು 8 ಇಂಚು ಉದ್ದ, ಒಂದೂವರೆಯಿಂದ 3 ಇಂಚು ದಪ್ಪದ ಕೊಳವೆ ಎಂಬ ವರ್ಣನೆಯನ್ನು ನಾನು ಇಟ್ಟುಕೊಂಡೆ. 8 ಇಂಚು ಅಂದರೆ 203 ಮಿ.ಮೀ. 32ರಿಂದ ಭಾಗಿಸಿದರೆ 6.3 ಮಿ.ಮೀ. ಒಂದೂವರೆ ಇಂಚಿನ ದಪ್ಪ 1.2 ಮಿ.ಮೀ. ಆಗುತ್ತದೆ. ಇಷ್ಟು ಸಣ್ಣ ಲೋಹದ ಕೊಳವೆ ಎಲ್ಲಿ ಸಿಗಬೇಕು? ಬಾಲ್‌ಪೆನ್ ರೀಫಿಲ್ ಅಳೆದೆ, 3 ಮಿ.ಮೀ. ಬಂತು. ಆ ಲೆಕ್ಕದಲ್ಲಿ ಸೈನಿಕನ ಕೈಗೆ ಕೊಳಾಯಿ ಪೈಪು ಕೊಟ್ಟಂತೆ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ದಪ್ಪವೇ. ಕೊನೆಗೆ ಮೆಡಿಕಲ್ ಶಾಪಿನಲ್ಲಿ 18 ನಂಬರಿನ ಇಂಜೆಕ್ಷನ್ ಸೂಜಿ ತಂದೆ. ಅದರ ಹೊರ ದಪ್ಪ 1.27 ಮಿ.ಮೀ. ಇದೆ. ಬೇಕಾದಷ್ಟೇ, ನೋಡಿ!

ಸೂಜಿಯ ಚೂಪು ತುದಿಯನ್ನು ಮೊದಲು ತೆಗೆದು, ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಮರೆಯಬೇಡಿ. ಇಕ್ಕಳದಿಂದ ಕತ್ತರಿಸಿದರೆ ಕೊಳವೆ ಚಪ್ಪಟೆಯಾಗುತ್ತದೆ. ಮೂರು ಮೂಲೆಯ ಅರದಿಂದ ಸುತ್ತಲೂ ಗೆರೆ ಕೊರೆದು ಮೆಲ್ಲಗೆ ಬಗ್ಗಿಸಿದರೆ ಟಕ್ ಎಂದು ಮುರಿಯುತ್ತದೆ. ಮುಂದಿನ ತುದಿಯ ತೂತನ್ನು ಎಂ-ಸೀಲಿನಿಂದ ಮುಚ್ಚಿದೆ. ಹಿಂದಿನ ತುದಿ ತೆರೆದೇ ಇರಲಿ, ಬೆಂಕಿ ಬರುವುದು ಅಲ್ಲಿಂದ.

ಬಿದಿರಿಗೆ ಬಿದಿರೇ ಸಿಕ್ಕಿತು. ಊದುಬತ್ತಿ ಕಡ್ಡಿ. ದೇವರ ಮುಂದೆ ಉರಿದು ಉಳಿದ ತುದಿಗಳನ್ನು ಅಮ್ಮ ಒಂದು ಲೋಟದಲ್ಲಿ ಕೂಡಿಡುತ್ತಾರೆ. ಅದರಲ್ಲಿ ನೆಟ್ಟಗಿರುವುದನ್ನು ಆರಿಸಿಕೊಳ್ಳೋಣ ಎಂದರೆ ಎಲ್ಲವೂ ಗಿಡ್ಡ. ಕೊನೆಗೆ ಹೊಸ ಕಡ್ಡಿಯೊಂದರ ಮೇಲಿನ ಕಪ್ಪು ಹಿಟ್ಟನ್ನು ನೀರಲ್ಲಿ ನೆನೆಸಿ ತೆಗೆದು, ಉಪ್ಪುಕಾಗದದಲ್ಲಿ 1 ಮಿ.ಮೀ.ಗೆ ಇಳಿಸಿದೆ. ಸೀಳಿದ ಕಡ್ಡಿಯಲ್ಲಿ ಗಿಣ್ಣು ಕಾಣುವುದಿಲ್ಲ. ಅದಕ್ಕೆ ಪ್ರತಿ 8 ಮಿ.ಮೀ.ಗೆ ಒಂದು ಎಳೆ ಹೊಲಿಗೆ ದಾರ ಸುತ್ತಿ, ಫೆವಿಕಾಲ್ ಸವರಿ ಗಿಣ್ಣು ಮಾಡಿದೆ. ರಾಕೆಟ್ಟನ್ನು ಕೋಲಿಗೆ ಚರ್ಮದ ಪಟ್ಟಿಯಲ್ಲಿ ಕಟ್ಟುತ್ತಿದ್ದರು. ಇಲ್ಲಿ ಅದು ಫಾಯಿಲ್ ಪಟ್ಟಿ, ಎರಡು ಕಡೆ ಮೂರು ಮೂರು ಸುತ್ತು.

ಕೊಳವೆಗೆ ತುಕ್ಕಿನ ಬಣ್ಣ ಹಚ್ಚಲು ಕೈ ತುಡಿಯುತ್ತಿತ್ತು. ಫೋಟೋಗಳಲ್ಲಿ ನೋಡಿದ್ದು ಹಾಗೇ ಅಲ್ವಾ? ಆದರೆ ಅವು ಇನ್ನೂರು ವರ್ಷ ಬಾವಿಯಲ್ಲಿದ್ದವು. ನನ್ನ ಸೈನಿಕನ ಕೈಯಲ್ಲಿರುವುದು ಹೊಸದು. ಹಾಗಾಗಿ ಕಪ್ಪಿಗೆ ಸ್ವಲ್ಪ ಕಂದು, ಅಂಚಿಗೆ ಮಾತ್ರ ಒಂದಿಷ್ಟು ಬೆಳ್ಳಿ. ಕುಲುಮೆಯಿಂದ ಬಂದ ಕಬ್ಬಿಣ ಹಾಗಿರುತ್ತದೆ.

ಜುಲೈ ಕೊನೆಗೆ ಗೊಂಬೆ ಪ್ರೈಮರ್‌ಗೆ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರಕ್ಕೆ, ಸಿದ್ಧವಾಯಿತು. ಹೊರಗೆ ಜಿಟಿಜಿಟಿ ಮಳೆ. ಸ್ಪ್ರೇ ಡಬ್ಬಿ ಇತ್ತು, ತಡೆಯಲಾಗದೆ ಬಾಲ್ಕನಿಯಲ್ಲಿ ಹೊಡೆದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಹೊಡೆದರೆ ಮೇಲ್ಮೈ ರವೆ ರವೆಯಾಗುತ್ತದೆ. ಗೊತ್ತಿದ್ದೂ ಹೊಡೆದಿದ್ದೆ. ಹಾಗೇ ಆಯಿತು. ಒಣಗಿದ ಮೇಲೆ 1000 ನಂಬರಿನ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ, ಮೇಲೆ ಗೆಸ್ಸೋ ಎಂಬ ಬಿಳಿ ಪ್ರೈಮರನ್ನು ನೀರು ಮಾಡಿ ಬ್ರಷ್ಷಿನಲ್ಲಿ ಎರಡು ಸಲ ತೆಳ್ಳಗೆ ಹಚ್ಚಿದೆ. ಮಳೆಗಾಲದಲ್ಲಿ ಮೊದಲೇ ಹೀಗೆ ಮಾಡುವುದು ಒಳ್ಳೆಯದು. ನಿಧಾನ, ಆದರೆ ಮೋಸ ಇಲ್ಲ.

ಇನ್ನು ಅಂಗಿ.

ಮೊದಲ ಸಲ ನಾನು ಅದನ್ನು ಹಳದಿ ಮಾಡಿದೆ. ಹಳದಿಯ ಮೇಲೆ ಕಪ್ಪು ಪಟ್ಟೆ. ಅಂಥ ಚಿತ್ರವೇ ಚಿಕ್ಕಂದಿನಿಂದ ತಲೆಯಲ್ಲಿ ಕೂತಿತ್ತು. ಹುಲಿ ಅಂದರೆ ಹಳದಿ. ಐದು ಸಂಜೆ ಕೂತು ಮುಗಿಸಿದೆ. ಚೆನ್ನಾಗಿಯೇ ಬಂದಿತ್ತು. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಕೂತು ಓದಿದೆ. ಆ ಕಾಲದ ಇಂಗ್ಲಿಷರು ಟಿಪ್ಪುವಿನ ಕಾಲಾಳುಗಳ ಬಟ್ಟೆಯನ್ನು ವರ್ಣಿಸಿದ್ದಾರೆ. ನೇರಳೆ ಬಣ್ಣದ ಅಂಗಿ, ಅದರ ಮೇಲೆ ವಜ್ರಾಕಾರದ ಬಿಳಿ ಗುರುತುಗಳು. ಅದನ್ನೇ ಅವರು ಹುಲಿ ಅಂಗಿ ಎಂದು ಕರೆದರು. ತಲೆಗೆ ಕೆಂಪು ಮುಂಡಾಸು, ಸೊಂಟಕ್ಕೂ ಕೆಂಪು ಪಟ್ಟಿ, ಕಾಲಿಗೆ ಚಪ್ಪಲಿ ಬಿಟ್ಟರೆ ಏನೂ ಇಲ್ಲ.

ನೇರಳೆ! ನನಗೆ ಆ ದಿನ ನಿದ್ದೆ ಬರಲಿಲ್ಲ.

ಯೋಚಿಸಿದರೆ ಅದೇ ಸರಿ. ಟಿಪ್ಪುವಿನ ಹುಲಿಪಟ್ಟೆ ಹುಲಿಯ ಚರ್ಮದ ನಕಲಲ್ಲ. ಅದೊಂದು ಗುರುತು. ಬಬ್ರಿ ಎನ್ನುತ್ತಾರೆ. ನಡುವೆ ದಪ್ಪ, ಎರಡು ತುದಿಗೂ ಚೂಪು, ದೀಪದ ಕುಡಿಯ ಹಾಗೆ ಸ್ವಲ್ಪ ಬಳುಕಿದ ಆಕಾರ. ಕತ್ತಿಯ ಹಿಡಿ, ಫಿರಂಗಿ, ಸಿಂಹಾಸನ ಎಲ್ಲದರ ಮೇಲೂ ಬಬ್ರಿ ಇತ್ತು. ಕಬ್ಬಿಣದ ಮೇಲೆ ಕೊರೆದರೂ, ಬಟ್ಟೆಯ ಮೇಲೆ ಬಂದರೂ ಅದು ಹುಲಿಯೇ. ಬಣ್ಣ ಯಾವುದಾದರೂ ಆಕಾರ ಹೇಳುತ್ತದೆ.

ಅದೇ ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದೆ. ಅಕ್ಕನ ಮಗನೂ ಬಂದ, ಏಳನೇ ಕ್ಲಾಸು. 1784ರಲ್ಲಿ ಕಟ್ಟಿದ ಈ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರ ಕರ್ನಲ್ ಬೇಯ್ಲಿಯ ಸೈನ್ಯವನ್ನು ಸೋಲಿಸಿದ ಯುದ್ಧ. ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಸುತ್ತ ಚೌಕವಾಗಿ ನಿಂತ ಕೆಂಪು ಕೋಟಿನವರು. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಹುಡುಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾನು ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಮುಂಡಾಸಿನ ಸುತ್ತುಗಳನ್ನು ಗೀಚಿಕೊಂಡೆ.

ಬಣ್ಣದ ವಿಷಯದಲ್ಲಿ ಮಾತ್ರ ಈ ಗೋಡೆಯನ್ನು ಪೂರ್ತಿ ನಂಬಲಾಗದು. ಈ ಚಿತ್ರಗಳಿಗೆ ಆಮೇಲೆ ಮತ್ತೆ ಬಣ್ಣ ಬಿದ್ದಿದೆ. 1799ರ ನಂತರ ಇಲ್ಲಿ ಉಳಿದುಕೊಂಡಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಒಮ್ಮೆ ಸರಿ ಮಾಡಿಸಿದ, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಮಾಡಿಸಿದ. ಭಂಗಿಗೆ ನಾನು ನಂಬಿದ್ದು ರಾಬರ್ಟ್ ಹೋಮ್ ಬರೆದ ಚಿತ್ರವನ್ನು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ಅವನು. ಅವನ ಚಿತ್ರದಲ್ಲಿ ರಾಕೆಟ್ ಸೈನಿಕ ತನ್ನ ರಾಕೆಟ್ಟನ್ನೇ ಬಾವುಟದ ಕೋಲಿನಂತೆ ಹಿಡಿದು ನಿಂತಿದ್ದಾನೆ. ನನ್ನವನೂ ಹಾಗೇ ನಿಂತ. ನಿಲುವು ಹೋಮ್ ಚಿತ್ರದ್ದು, ಬಟ್ಟೆ ಆ ಬರಹದ್ದು.

ಬರುವಾಗ ಹುಡುಗ ಕೇಳಿದ. “ಮಾವ, ಹಾಗಾದ್ರೆ ಮನೇಲಿರೋ ಹಳದಿ ಅಂಗಿ ಏನ್ ಮಾಡ್ತೀಯ?”

“ತೆಗೀತೀನಿ ಕಣೋ.”

“ಅಷ್ಟು ಚೆನ್ನಾಗಿದೆ!”

ಚೆನ್ನಾಗಿತ್ತು ನಿಜ. ಆದರೆ ಈ ಸೈನಿಕ ಅದನ್ನು ತೊಟ್ಟಿರಲಿಲ್ಲ.

ಅಕ್ರಿಲಿಕ್ ಬಣ್ಣ ತೆಗೆಯಲು ಡೆಟಾಲ್ ಸಾಕು. ಒಂದು ಗಾಜಿನ ಬಾಟಲಿಯಲ್ಲಿ ನೀರು ಬೆರೆಸದ ಡೆಟಾಲ್ ಹಾಕಿ ಗೊಂಬೆಯನ್ನು ಮುಳುಗಿಸಿ. ಆರು ಗಂಟೆಯಲ್ಲಿ ಬಣ್ಣ ಸುಕ್ಕುಗಟ್ಟಿ ಬಿಡುತ್ತದೆ. ಕೈಗೆ ಗ್ಲೌಸ್ ಬೇಕು, ಕಿಟಕಿ ತೆರೆದಿರಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಹೊರಗೆ ತೆಗೆದ ಕೂಡಲೇ ನೀರಲ್ಲಿ ತೊಳೆಯಬೇಡಿ. ನೀರು ಬಿದ್ದರೆ ಕರಗಿದ ಬಣ್ಣ ಅಂಟು ಅಂಟಾಗಿ ಸಂದುಗಳಿಗೆ ಹತ್ತಿಕೊಳ್ಳುತ್ತದೆ. ಮೊದಲು ಡೆಟಾಲ್‌ನಲ್ಲೇ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ಉಜ್ಜಿ, ಬಣ್ಣವೆಲ್ಲ ಹೋದ ಮೇಲೆ ಪಾತ್ರೆ ತೊಳೆಯುವ ಸೋಪು, ಕೊನೆಗೆ ನೀರು. ನಡುಪಟ್ಟಿಯ ಒಂದು ಅಂಚು ಎದ್ದು ಬಂತು. ಫೆವಿಕ್ವಿಕ್ ಒಂದು ಹನಿ ಹಾಕಿ ಕೂರಿಸಿದೆ. ಮತ್ತೆ ಗೆಸ್ಸೋ, ಮತ್ತೆ ಮೊದಲಿಂದ.

ನೇರಳೆಗೆ ಅಲ್ಟ್ರಾಮರೀನ್ ನೀಲಿ ಎರಡು ಪಾಲು, ಕ್ರಿಮ್ಸನ್ ಒಂದು ಪಾಲು, ಚೂರು ಬರ್ನ್ಟ್ ಅಂಬರ್ ಎಂಬ ಕಡು ಕಂದು. ಅಂಬರ್ ಇಲ್ಲದಿದ್ದರೆ ಬಣ್ಣ ರೇಷ್ಮೆ ಸೀರೆಯಂತೆ ಹೊಳೆಯುತ್ತದೆ. ಸೈನಿಕನ ಅಂಗಿ ಬಿಸಿಲು ಮಳೆಯಲ್ಲಿ ಮಂಕಾಗಿರಬೇಕು. ಇನ್ನೊಂದು ವಿಷಯ. ನಿಜವಾದ ಬಟ್ಟೆಯ ಬಣ್ಣವನ್ನೇ ಇಷ್ಟು ಸಣ್ಣ ಗೊಂಬೆಗೆ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಸ್ವಲ್ಪ ಬಿಳಿ ಸೇರಿಸಿ ತಿಳಿ ಮಾಡಬೇಕು. ನೆರಿಗೆಯ ಒಳಗೆ ಅಂಬರ್ ಜಾಸ್ತಿ, ನೆರಿಗೆಯ ಮೇಲೆ ಬಿಳಿ ಜಾಸ್ತಿ. ನಾಲ್ಕು ತೆಳು ಪದರ. ಬಣ್ಣ ಒಣಗದಿರಲು ಟಿಫನ್ ಡಬ್ಬಿಯಲ್ಲಿ ಒದ್ದೆ ಸ್ಪಾಂಜು, ಅದರ ಮೇಲೆ ಬಟರ್ ಪೇಪರ್ ಇಟ್ಟುಕೊಂಡಿದ್ದೇನೆ. ಮುಚ್ಚಳ ಹಾಕಿಟ್ಟರೆ ಕಲಸಿದ ನೇರಳೆ ಮಾರನೇ ದಿನಕ್ಕೂ ಹಾಗೇ ಇರುತ್ತದೆ. ಒಂದೇ ಬಣ್ಣವನ್ನು ಎರಡನೇ ಸಲ ಅಷ್ಟೇ ಸರಿಯಾಗಿ ಕಲಸುವುದು ಬಹಳ ಕಷ್ಟ.

ಆಮೇಲೆ ಬಬ್ರಿ. ನಿಜದಲ್ಲಿ 5 ಸೆಂ.ಮೀ. ಉದ್ದ ಎಂದುಕೊಂಡರೆ ಇಲ್ಲಿ ಒಂದೂವರೆ ಮಿ.ಮೀ. ಅಗಲ ಅರ್ಧ ಮಿ.ಮೀ. ಮೊದಲು ಬಲದ ತೋಳಿನ ಮೇಲೆ ಒಂದರ ಕೆಳಗೊಂದು ಹಾಕುತ್ತಾ ಹೋದೆ. ಇಪ್ಪತ್ತು ಹಾಕುವಷ್ಟರಲ್ಲಿ ಸಾಲು ಸೊಟ್ಟಗಾಯಿತು. ಅದಕ್ಕಿಂತ ಬೇಸರವೆಂದರೆ ಪಟ್ಟೆಗಳು ಕಾಣುತ್ತಿರಲಿಲ್ಲ, ನಡುವಿನ ಖಾಲಿ ದಾರಿಗಳೇ ಉದ್ದುದ್ದ ಗೆರೆಯಾಗಿ ಕಾಣುತ್ತಿದ್ದವು. ನೇರಳೆ ಹಚ್ಚಿ ಮುಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಅದೇ.

ಅಮ್ಮ ಕಾಫಿ ತಂದಿಟ್ಟು ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. “ನೇರ ಚುಕ್ಕಿ ಇಟ್ಟಿದ್ದೀಯ. ಅದಕ್ಕೇ ಹಾಗೆ ಕಾಣ್ತಿದೆ. ಸಂದು ಚುಕ್ಕಿ ಇಡು. ಮೊದ್ಲು ಚುಕ್ಕಿ ಎಲ್ಲಾ ಇಟ್ಕೋ, ಆಮೇಲೆ ಎಳಿ.”

ಅಷ್ಟೇ ಹೇಳಿ ಹೋದರು. ನಾನು ಆ ಬ್ರಷ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅರವತ್ತು ವರ್ಷ ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿದವರಿಗೆ ಇದು ಒಂದೇ ನೋಟಕ್ಕೆ ತಿಳಿಯಿತು. ಸಂದು ಚುಕ್ಕಿಯಲ್ಲಿ ಎರಡನೇ ಸಾಲಿನ ಚುಕ್ಕಿ ಮೊದಲ ಸಾಲಿನ ಎರಡು ಚುಕ್ಕಿಗಳ ನಡುವೆ ಬರುತ್ತದೆ. ಖಾಲಿ ದಾರಿಯೇ ಉಳಿಯುವುದಿಲ್ಲ.

ಆಮೇಲೆ ಹೀಗೆ ಮಾಡಿದೆ. ಬಿಳಿಗೆ ಚೂರು ಬೂದು ಸೇರಿಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಸೂಜಿಯ ತುದಿಯಿಂದ ಅಂಗಿ ಪೂರ್ತಿ ಚುಕ್ಕಿ ಇಟ್ಟೆ. ಬೆನ್ನಿನ ನಡುವಿನಿಂದ ಶುರು ಮಾಡಿ ಎರಡು ಪಕ್ಕಕ್ಕೆ. ಚುಕ್ಕಿ ತಪ್ಪಾದರೆ ಒದ್ದೆ ಬ್ರಷ್ಷಿನಿಂದ ಒರೆಸಬಹುದು, ಪಟ್ಟೆ ತಪ್ಪಾದರೆ ಒರೆಸುವುದು ಕಷ್ಟ. ಎಲ್ಲ ಚುಕ್ಕಿ ಸರಿಯಾದ ಮೇಲೆ ಮೂರು ಸೊನ್ನೆಯ (000), ಅಂದರೆ ತೀರಾ ಸಣ್ಣ ಬ್ರಷ್. ತುದಿಯನ್ನು ಚುಕ್ಕಿಯ ಸ್ವಲ್ಪ ಮೇಲೆ ಮುಟ್ಟಿಸಿ, ಚುಕ್ಕಿಯ ಮೇಲೆ ಬಂದಾಗ ಚೂರು ಒತ್ತಿ, ದಾಟಿದ ಮೇಲೆ ಎತ್ತಬೇಕು. ಒಂದೇ ಎಳೆತ. ನಡುವೆ ದಪ್ಪ, ತುದಿ ಚೂಪು ತಾನಾಗಿ ಬರುತ್ತದೆ. ಬಣ್ಣಕ್ಕೆ ಒಂದು ಹನಿ ಗ್ಲಿಸರಿನ್ ಸೇರಿಸಿದರೆ ಬ್ರಷ್ಷಿನ ತುದಿಯಲ್ಲಿ ಒಣಗುವುದಿಲ್ಲ.

ನೆರಿಗೆ ಬಂದ ಕಡೆ ಪಟ್ಟೆಯೂ ಮಡಚಬೇಕು. ಬಟ್ಟೆ ಒಳಗೆ ಹೋದ ಜಾಗದಲ್ಲಿ ಪಟ್ಟೆ ಅರ್ಧಕ್ಕೆ ನಿಂತು ಆಚೆ ಬದಿಯಲ್ಲಿ ಮುಂದುವರಿಯಬೇಕು. ಇಲ್ಲದಿದ್ದರೆ ಅಂಗಿಯ ಮೇಲೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ. ದಿನಕ್ಕೆ ಹದಿನೈದು ಪಟ್ಟೆ ಎಂದು ಲೆಕ್ಕ ಇಟ್ಟುಕೊಂಡೆ. ಅದಕ್ಕಿಂತ ಜಾಸ್ತಿ ಹಾಕಿದ ದಿನ ಕೈ ನಡುಗುತ್ತಿತ್ತು. ಒಟ್ಟು 146 ಪಟ್ಟೆ. ಕೊನೆಗೆ ಬೆಳಕು ಬೀಳುವ ಭುಜ ಮತ್ತು ಎದೆಯ ಪಟ್ಟೆಗಳ ನಡುಭಾಗಕ್ಕೆ ಮಾತ್ರ ಶುದ್ಧ ಬಿಳಿಯ ಒಂದು ಸಣ್ಣ ಗೆರೆ.

ಮೈಬಣ್ಣಕ್ಕೆ ಟ್ಯೂಬಿನಲ್ಲಿ ಬರುವ ಫ್ಲೆಶ್ ಟಿಂಟ್ ಬೇಡ. ಅದು ಗುಲಾಬಿ. ನಮ್ಮ ಜನರ ಬಣ್ಣ ಅದಲ್ಲ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಚೂರು ಬಿಳಿ. ನೆರಳಿಗೆ ಅಂಬರ್ ಜೊತೆ ಒಂದು ತೊಟ್ಟು ನೀಲಿ. ಮಂಡಿ, ಮೂಗಿನ ತುದಿ, ಬೆರಳಿನ ಗಿಣ್ಣಿಗೆ ಸ್ವಲ್ಪ ತಿಳಿ. ಪಾದಕ್ಕೆ ಕೆಂಪು ಮಣ್ಣಿನ ಪುಡಿ ಒಣ ಬ್ರಷ್ಷಿನಲ್ಲಿ. ಕಣ್ಣಿಗೆ ಬಿಳಿ ಹಚ್ಚಲೇ ಇಲ್ಲ. ಬಿಸಿಲಲ್ಲಿ ನಿಂತವನು ಕಣ್ಣು ಕಿರಿದು ಮಾಡಿರುತ್ತಾನೆ. ಒಂದು ಕಪ್ಪು ಗೆರೆ ಸಾಕು.

ಪೀಠಕ್ಕೆ ಕಾವೇರಿ ದಡದಿಂದ ಒಂದು ಹಿಡಿ ಮಣ್ಣು ತಂದಿದ್ದೆ. ಬಾಣಲೆಯಲ್ಲಿ ಹುರಿದು ತೇವ ತೆಗೆದು, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಫೆವಿಕಾಲ್ ನೀರಿನ ಮೇಲೆ ಉದುರಿಸಿದೆ. ಎರಡು ಚೂರು ಕಲ್ಲು. ಹುಲ್ಲು ಹಾಕಲಿಲ್ಲ, ಕೋಟೆ ಬಿದ್ದ ಮೇ ತಿಂಗಳಲ್ಲಿ ಅಲ್ಲಿ ಹಸಿರು ಕಡಿಮೆ.

ಬಾವುಟ ಟಿಶ್ಯೂ ಪೇಪರಿನದು, ಫೆವಿಕಾಲ್ ನೀರಲ್ಲಿ ಅದ್ದಿ ಕೋಲಿಗೆ ಸುತ್ತಿ ಒಣಗಿಸಿದ್ದು. ಮುಂಡಾಸಿನ ಕೆಂಪನ್ನೇ ಹಚ್ಚಿದೆ. ಇದು ನನ್ನ ಆಯ್ಕೆ. ಕೋಲನ್ನು ಕೈಗೆ ಕೂರಿಸಿದ್ದು ಎಲ್ಲಕ್ಕಿಂತ ಕೊನೆಗೆ. ಅಂಗೈಯಲ್ಲಿ ಮೊದಲೇ 1 ಮಿ.ಮೀ. ತೂತು ಕೊರೆದಿದ್ದೆ. ಕೋಲು ತೂರಿಸಿ, ಹಿಂದಿನಿಂದ ಫೆವಿಕ್ವಿಕ್ ಮುಟ್ಟಿಸಿ, ಹತ್ತು ಎಣಿಸುವ ತನಕ ಹುಡುಗ ಹಿಡಿದುಕೊಂಡ. ಅವನ ಕೈ ನನ್ನದಕ್ಕಿಂತ ಸ್ಥಿರ.

ವಾರ್ನಿಷ್ ಇನ್ನೂ ಹೊಡೆದಿಲ್ಲ. ಮ್ಯಾಟ್ ವಾರ್ನಿಷ್ ತೇವದ ಗಾಳಿಯಲ್ಲಿ ಬೆಳ್ಳಗೆ ಮಂಜು ಹಿಡಿಯುತ್ತದೆ, 146 ಪಟ್ಟೆಯೂ ಮುಚ್ಚಿಹೋಗುತ್ತದೆ. ಸದ್ಯ ಗಾಜಿನ ಬೀರುವಿನಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ. ಎರಡು ದಿನ ಒಂದೇ ಸಮ ಬಿಸಿಲು ಬಂದರೆ ಹೊಡೆಯುತ್ತೇನೆ.